ಮೊಹಾಚ್ ರೇವಿನ ಬುಶೋ ಕುಣಿತ : ಐತಿಹ್ಯ ಮತ್ತು ಇತಿಹಾಸ

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಾಡಿನಲ್ಲಿ ಹುಟ್ಟಿ ಕಪ್ಪು ಸಮುದ್ರವನ್ನು ಸೇರುವ ಡ್ಯಾನ್ಯೂಬ್ ನದಿಯು ಸುಮಾರು ೨೮೫೦ ಕಿಲೋಮೀಟರು ದೂರ ಹರಿದು ಹತ್ತು ದೇಶಗಳನ್ನು ಮುಟ್ಟುತ್ತದೆ. ಹಂಗೇರಿಯ ರಾಜಧಾನಿಯಾದ ಬುಡಾಪೆಸ್ಟನ್ನು ಬಿಟ್ಟು ದಕ್ಷಿಣಾಭಿಮುಖವಾಗಿ ಹೊರಟ ಪ್ರವಾಸಿ ಹಡಗು ಆ ದೇಶದ ಗಡಿಯನ್ನು ದಾಟುವ ಮುನ್ನ ಬಲದಂಡೆಯ ಒಂದು ಸಣ್ಣ ಪಟ್ಟಣದಲ್ಲಿ ಲಂಗರು ಹಾಕುತ್ತದೆ. ಆ ಪಟ್ಟಣವೇ ಮೊಹಾಚ್. ಇಲ್ಲಿ ಹಡಗು ನಿಲ್ಲುವುದು ಊರಿನ ಸೊಬಗನ್ನು ನೋಡಲೆಂದಲ್ಲ. ರಹದಾರಿ ಪತ್ರಗಳ ತಪಾಸಣೆಗಾಗಿ. ೨೦೦೭ನೆಯ ಇಸವಿಯ ಡಿಸೆಂಬರಿನಲ್ಲಿ ಹಂಗೇರಿಯು ಷೆಂಗೆನ್ ಒಪ್ಪಂದದ ವಲಯವನ್ನು ಸೇರಿತು. ಕೆಳಗಿನ ಸರ್ಬಿಯ ಆ ವಲಯದ ಹೊರಗಿದೆ. ಆದುದರಿಂದ ನದಿಯಲ್ಲಿ ಸಾಗುವವರಿಗೆ ಮೊಹಾಚ್ ಒಂದು ಹೆಬ್ಬಾಗಿಲಾಗಿದೆ.

ಅಧಿಕಾರಿಗಳು ಪತ್ರಗಳನ್ನು ಪರೀಕ್ಷಿಸಿ ಮುಗಿಸಿದ ಮೇಲೆ ಹಡಗಿನವರಿಗೆ ಕೆಲವು ಗಂಟೆಗಳ ಬಿಡುವು ದೊರೆಯುತ್ತದೆ. ಕೆಲವರು ಸಮೀಪದ ಪೇಚ್ ನಗರವನ್ನೋ ವಿಲಾನಿಯ ದ್ರಾಕ್ಷಿತೋಟಗಳನ್ನೋ ನೋಡಲು ಹೋಗುತ್ತಾರೆ. ಊರಿನಲ್ಲಿಯೇ ಉಳಿದವರಿಗೆ ಜಾನಪದ ಪ್ರದರ್ಶನವೊಂದು ಸಿದ್ಧವಾಗಿರುತ್ತದೆ. ತಂಬುರಿತ್ಸ ಎಂಬ ತಂತಿವಾದ್ಯಗಳ ಮೇಳ, ಕೈಕೈ ಹಿಡಿದು ಸುತ್ತುವ ಕೋಲೋ ಎಂಬ ನೃತ್ಯ, ಇವುಗಳ ನಡುವೆ ಕೊಂಬಿನ ಮುಖವಾಡ ಧರಿಸಿ, ಉಣ್ಣೆಯ ಮಗ್ಗುಲನ್ನು ಹೊರಗೆ ಮಾಡಿ ಕುರಿಯ ಚರ್ಮವನ್ನು ಹೊದ್ದ ಬುಶೋಗಳ ಪ್ರವೇಶ, ಇದು ಇಂಥ ಪ್ರದರ್ಶನಗಳ ಸಾಮಾನ್ಯ ಕ್ರಮ. ಬುಶೋಗಳ ಸೊಂಟದಲ್ಲಿ ದನದ ಗಂಟೆಗಳು, ಕೈಯಲ್ಲಿ ತಿರುಗಿಸಿದರೆ ಕಟಕಟನೆ ಸದ್ದು ಮಾಡುವ ಮರದ ಗಿಲಕಿಗಳು. ಇವರ ಪೂರ್ವಿಕರೇ ಇದೇ ವೇಷದಿಂದ ತುರ್ಕರನ್ನು ಬೆದರಿಸಿ ಓಡಿಸಿದರೆಂದು ಬಂದವರಿಗೆ ತಿಳಿಸಲಾಗುತ್ತದೆ. ಪ್ರೇಕ್ಷಕರು ಅದನ್ನು ಕೇಳಿ ಸಂತೋಷಪಟ್ಟು ಹಡಗನ್ನೇರುತ್ತಾರೆ.

ಈ ಕಥೆ ನಿಜವೇ? ನಿಜವಲ್ಲದಿದ್ದರೆ ಅದರ ಬೆಲೆಯೇನು? ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಈ ಎರಡು ಪ್ರಶ್ನೆಗಳನ್ನು. ಊರೂರಿಗೂ ಒಂದು ಸ್ಥಳಪುರಾಣವಿರುವ ನಮ್ಮ ನಾಡಿನಲ್ಲಿ ಇತಿಹಾಸವನ್ನು ಬೋಧಿಸುವವರಿಗೆ ಈ ಪ್ರಶ್ನೆಗಳು ಅಪರಿಚಿತವಲ್ಲ.

೧

ಮೊದಲು ಐತಿಹ್ಯವನ್ನು ನೋಡೋಣ. ತುರ್ಕರ ಆಳ್ವಿಕೆಯ ಕಾಲದಲ್ಲಿ ಮೊಹಾಚಿನ ಜನ ಅವರ ಹಿಂಸೆಯನ್ನು ತಾಳಲಾರದೆ ಊರನ್ನು ಬಿಟ್ಟು ನದಿಯ ಆಚೆಯ ಮೊಹಾಚ್ ದ್ವೀಪದ ಜೌಗುನೆಲದಲ್ಲಿ ಅಡಗಿಕೊಂಡಿದ್ದರಂತೆ. ಒಂದು ರಾತ್ರಿ ಅವರು ಬೆಂಕಿಯ ಸುತ್ತ ಕುಳಿತಿರಲು ಒಬ್ಬ ಶೊಕಾತ್ಸ್ ವೃದ್ಧನು ಕಾಣಿಸಿಕೊಂಡು, ನೀವು ಮರದಲ್ಲಿ ಭಯಂಕರವಾದ ಮುಖವಾಡಗಳನ್ನು ಕೆತ್ತಿರಿ, ಸದ್ದುಮಾಡುವ ಸಾಧನಗಳನ್ನು ಮಾಡಿಕೊಳ್ಳಿರಿ, ಬಿರುಗಾಳಿಯ ರಾತ್ರಿಯೊಂದರಲ್ಲಿ ಒಬ್ಬ ವೀರನು ಬಂದು ನಿಮ್ಮನ್ನು ಕರೆದೊಯ್ಯುವನು ಎಂದು ಹೇಳಿ ಮರೆಯಾದನು. ಹಾಗೆಯೇ ವೀರನು ಬಂದನು. ಜನರು ಮುಖವಾಡ ತೊಟ್ಟು ದೋಣಿಗಳಲ್ಲಿ ನದಿಯನ್ನು ದಾಟಿದರು. ಕತ್ತಲಲ್ಲಿ ಆ ರೂಪವನ್ನು ಕಂಡು ಆ ಸದ್ದನ್ನು ಕೇಳಿದ ತುರ್ಕರು ಪಿಶಾಚಗಳೇ ಬಂದುವೆಂದು ಬೆದರಿ ಬೆಳಗಾಗುವುದರೊಳಗೆ ಊರನ್ನು ಬಿಟ್ಟು ಓಡಿದರು. ಇದು ಕಥೆಯ ಸಾರ.

ಈ ಕಥೆಗೆ ಮೊಹಾಚಿನಲ್ಲಿ ವಿಶೇಷವಾದ ಗೌರವವಿರುವುದಕ್ಕೆ ಕಾರಣವನ್ನು ಆ ಊರಿನ ಹೆಸರಿನಲ್ಲಿಯೇ ಹುಡುಕಬೇಕು. ೧೫೨೬ನೆಯ ಇಸವಿ ಆಗಸ್ಟ್ ೨೯ರಂದು ಊರಿನ ದಕ್ಷಿಣದ ಬಯಲಿನಲ್ಲಿ ಹಂಗೇರಿಯ ಸೈನ್ಯಕ್ಕೂ ಸುಲ್ತಾನ್ ಸುಲೇಮಾನನ ಸೈನ್ಯಕ್ಕೂ ಯುದ್ಧವಾಯಿತು. ಹಂಗೇರಿಯ ಕಡೆ ಇದ್ದವರು ಸುಮಾರು ಇಪ್ಪತ್ತೈದು ಸಾವಿರ. ತುರ್ಕರ ಬಲ ಅದಕ್ಕಿಂತ ಬಹಳ ಹೆಚ್ಚು. ಟ್ರಾನ್ಸಿಲ್ವೇನಿಯದಿಂದ ಬರಬೇಕಾಗಿದ್ದ ಸಹಾಯ ಇನ್ನೂ ಬಂದಿರಲಿಲ್ಲ. ಸೈನ್ಯದ ನಾಯಕತ್ವ ವಹಿಸಿದ್ದವನು ಕಲೊಚದ ಆರ್ಚ್‌ಬಿಷಪ್ ಪಾಲ್ ತೊಮೊರಿ. ಹಂಗೇರಿಯ ಅಶ್ವದಳ ಮೊದಲು ಮುನ್ನುಗ್ಗಿತಾದರೂ ತುರ್ಕರ ಫಿರಂಗಿಗಳ ಮತ್ತು ಜಾನಿಸರಿ ಪದಾತಿಗಳ ಎದುರು ನಿಲ್ಲಲಾರದೆ ನಾಶವಾಯಿತು. ಯುದ್ಧ ಮುಗಿಯಲು ಎರಡು ಗಂಟೆಗಳಷ್ಟೂ ಕಾಲ ಹಿಡಿಯಲಿಲ್ಲವೆಂದು ಹೇಳುತ್ತಾರೆ. ತೊಮೊರಿಯೂ ಅವನೊಡನೆ ಇನ್ನೂ ಆರು ಮಂದಿ ಧರ್ಮಾಧ್ಯಕ್ಷರೂ ಮಡಿದರು. ಇಪ್ಪತ್ತು ವರ್ಷದ ದೊರೆ ಎರಡನೆಯ ಲಾಯೋಶನು ಓಡಿಹೋಗುವಾಗ ಚೆಲೆ ಎಂಬ ಹೊಳೆಯಲ್ಲಿ ಕುದುರೆಯಿಂದ ಬಿದ್ದು ಸತ್ತನು. ಹೆಣಗಳನ್ನು ಹೂಳಿಸಿದವಳು ದೊರೊತ್ಯ ಕನಿಜೈ ಎಂಬ ಕುಲೀನ ಮಹಿಳೆ. ಊರಿನ ವಸ್ತುಸಂಗ್ರಹಾಲಯ ಇಂದು ಅವಳ ಹೆಸರನ್ನು ಹೊತ್ತಿದೆ. ೧೫೪೧ರಲ್ಲಿ ಬುದಾ ನಗರ ತುರ್ಕರ ವಶವಾಗಲು ಹಂಗೇರಿ ಮೂರು ಹೋಳಾಯಿತು: ಪಶ್ಚಿಮೋತ್ತರಗಳು ಹ್ಯಾಪ್ಸ್‌ಬರ್ಗರಿಗೆ, ನಡುನಾಡು ತುರ್ಕರಿಗೆ, ಪೂರ್ವದಲ್ಲಿ ಟ್ರಾನ್ಸಿಲ್ವೇನಿಯದ ಸಂಸ್ಥಾನ. ಇಂದಿಗೂ ಏನಾದರೂ ನಷ್ಟವಾದಾಗ ಹಂಗೇರಿಯನ್ನರು, ಮೊಹಾಚಿನಲ್ಲಿ ಕಳೆದುಕೊಂಡದ್ದು ಇದಕ್ಕಿಂತ ಹೆಚ್ಚು ಎಂಬ ಅರ್ಥದ ಗಾದೆಯನ್ನು ಹೇಳಿಕೊಂಡು ಸಮಾಧಾನಪಡುತ್ತಾರೆ.

ಭಾರತದ ಇತಿಹಾಸವನ್ನು ಓದಿದವರಿಗೆ ೧೫೨೬ ಎಂದೊಡನೆ ನೆನಪಿಗೆ ಬರುವುದು ಪಾಣಿಪತ್. ಆ ಯುದ್ಧ ನಡೆದದ್ದು ಅದೇ ವರ್ಷದ ಏಪ್ರಿಲ್ ೨೧ರಂದು. ಮೊಹಾಚಿಗೆ ನಾಲ್ಕು ತಿಂಗಳು ಮುಂಚೆ. ಇದು ಕೇವಲ ಪಂಚಾಂಗದ ಕಾಕತಾಳೀಯವಲ್ಲ. ಪಾಣಿಪತಿನಲ್ಲಿ ಬಾಬರನು ಬಂಡಿಗಳನ್ನು ಹಗ್ಗಗಳಿಂದ ಬಿಗಿದು ನಿಲ್ಲಿಸಿ ಅವುಗಳ ಮರೆಯಿಂದ ಬಂದೂಕು ಹಾರಿಸುವ ವ್ಯವಸ್ಥೆಯನ್ನು ಮಾಡಿದನು. ಅದು ರೂಮೀ ಪದ್ಧತಿ, ಎಂದರೆ ಆಟೊಮನ್ ತುರ್ಕರ ಪದ್ಧತಿಯೆಂದು ತನ್ನ ಆತ್ಮಕಥೆಯಲ್ಲಿ ಬರೆದಿಡಲಾಗಿದೆ. ಒಂದೇ ಯುದ್ಧಕಲೆ ಒಂದೇ ವರ್ಷದಲ್ಲಿ ಎರಡು ಖಂಡಗಳಲ್ಲಿ ಎರಡು ದೊರೆತನಗಳನ್ನು ಮುರಿಯಿತು. ಆಗ ವಿಜಯನಗರದಲ್ಲಿ ಕೃಷ್ಣದೇವರಾಯನು ಆಳುತ್ತಿದ್ದನು. ವಿದ್ಯಾರ್ಥಿಗಳಿಗೆ ದೂರದ ಮೊಹಾಚನ್ನು ಹತ್ತಿರ ತರಲು ಈ ಸಮಕಾಲೀನತೆ ಸಹಾಯಕವಾಗುತ್ತದೆ.

೨

ಇನ್ನು ಐತಿಹ್ಯವನ್ನು ಇತಿಹಾಸದ ಒರೆಗೆ ಹಚ್ಚೋಣ. ಮೂರು ಆಕ್ಷೇಪಗಳು ಸ್ಪಷ್ಟವಾಗಿವೆ.

ಮೊದಲನೆಯದಾಗಿ, ೧೫೨೬ರಲ್ಲಿ ಗೆದ್ದ ಸೈನ್ಯವು ಮೊಹಾಚಿನಲ್ಲಿ ನೆಲೆನಿಲ್ಲಲಿಲ್ಲ. ಸುಲೇಮಾನನು ಸೆಪ್ಟೆಂಬರಿನಲ್ಲಿ ಬುದಾ ನಗರವನ್ನು ಹೊಕ್ಕು ಚಳಿಗಾಲಕ್ಕೆ ಮುಂಚೆಯೇ ತನ್ನ ನಾಡಿಗೆ ಹಿಂದಿರುಗಿದನು. ಈ ಪ್ರದೇಶದಲ್ಲಿ ತುರ್ಕರ ಆಡಳಿತ ನೆಲೆಗೊಂಡದ್ದು ೧೫೪೦ರ ದಶಕದಲ್ಲಿ. ಅದು ನಡೆದದ್ದು ಸುಮಾರು ಒಂದೂವರೆ ಶತಮಾನ. ಆದುದರಿಂದ ಪ್ರಸಿದ್ಧ ಯುದ್ಧಕ್ಕೂ ಮುಖವಾಡದ ಕಥೆಗೂ ನೇರವಾದ ಸಂಬಂಧವನ್ನು ಕಲ್ಪಿಸುವುದು ಸಾಧ್ಯವಿಲ್ಲ.

ಎರಡನೆಯದಾಗಿ, ತುರ್ಕರು ಒಂದು ರಾತ್ರಿಯ ಭಯದಿಂದ ಹೋದವರಲ್ಲ. ೧೬೮೬ರ ಸೆಪ್ಟೆಂಬರಿನಲ್ಲಿ ಬುದಾ, ಅಕ್ಟೋಬರಿನಲ್ಲಿ ಪೇಚ್, ಹೀಗೆ ಒಂದೊಂದಾಗಿ ನಗರಗಳು ಅವರ ಕೈಬಿಟ್ಟುವು. ೧೬೮೭ನೆಯ ಆಗಸ್ಟ್ ೧೨ರಂದು ಮೊಹಾಚಿನಿಂದ ಅಷ್ಟೇನೂ ದೂರವಿಲ್ಲದ ನಾದ್ಯಹರ್ಶಾನಿಯ ಬೆಟ್ಟದ ಬಳಿ ಲೊರೇನಿನ ಚಾರ್ಲ್ಸ್ ಮೊದಲಾದವರ ನೇತೃತ್ವದ ಚಕ್ರಾಧಿಪತ್ಯದ ಸೈನ್ಯ ಅವರನ್ನು ಸೋಲಿಸಿತು. ಇದನ್ನು ಎರಡನೆಯ ಮೊಹಾಚ್ ಯುದ್ಧವೆಂದು ಕರೆಯುವುದುಂಟು. ೧೬೯೯ರ ಕಾರ್ಲೊವಿಟ್ಜ್ ಒಪ್ಪಂದ ಆ ಸೋಲಿಗೆ ಮುದ್ರೆಯೊತ್ತಿತು. ಇಲ್ಲೆಲ್ಲ ನಾವು ಕಾಣುವುದು ಫಿರಂಗಿ, ಹಣ, ಮೈತ್ರಿಕೂಟಗಳ ಕಾರ್ಯವನ್ನೇ ಹೊರತು ಮುಖವಾಡಗಳ ಕಾರ್ಯವನ್ನಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಮುಖ್ಯವಾದುದು. ಬುಶೋ ಪದ್ಧತಿ ಮೂಲತಃ ಹಂಗೇರಿಯನ್ನರದಲ್ಲ. ಅದು ಶೊಕಾತ್ಸರೆಂಬ ಜನರದು. ಇವರು ಸ್ಲಾವ್ ಭಾಷೆಯನ್ನಾಡುವ ಕ್ಯಾಥೊಲಿಕರು. ಕ್ರೊಯಾಟರ ಒಂದು ಶಾಖೆ. ತುರ್ಕರ ಆಳ್ವಿಕೆಯಲ್ಲಿಯೂ ಈ ಸೀಮೆಯಲ್ಲಿ ದಕ್ಷಿಣ ಸ್ಲಾವರು ಕೆಲವರು ಇದ್ದರೆಂಬುದು ನಿಜ. ಆದರೆ ಶೊಕಾತ್ಸರು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲಸಿದ್ದು ಹದಿನೇಳನೆಯ ಶತಮಾನದ ಕೊನೆಯಲ್ಲಿ, ತುರ್ಕರು ಹಿಮ್ಮೆಟ್ಟಿ ನಾಡು ಬರಿದಾಗಿದ್ದಾಗ. ಬಾಸ್ನಿಯದ ಕಡೆಯಿಂದ ಫ್ರಾನ್ಸಿಸ್ಕನ್ ಸಂನ್ಯಾಸಿಗಳೊಡನೆ ಅವರು ಬಂದರು. ಊರಿಗೆ ಇನ್ನೂ ಬಾರದಿದ್ದ ಜನ ಊರಿನಿಂದ ಶತ್ರುವನ್ನು ಓಡಿಸಿದರೆಂಬುದು ಹೇಗೆ? ಈ ಪದ್ಧತಿಯ ಲಿಖಿತವಾದ ಉಲ್ಲೇಖಗಳಾದರೋ ಹದಿನೆಂಟನೆಯ ಶತಮಾನದ ಕೊನೆಯ ಭಾಗಕ್ಕಿಂತ ಹಿಂದೆ ಹೋಗುವುದಿಲ್ಲ.

ಹಾಗಾದರೆ ಪದ್ಧತಿಯ ಮೂಲವೇನು? ಅದರ ಕಾಲವನ್ನು ಗಮನಿಸಿದರೆ ಉತ್ತರ ತಿಳಿಯುತ್ತದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳು ಬೂದಿ ಬುಧವಾರದಂದು ಮೊದಲಾಗುತ್ತವೆ. ಅದಕ್ಕೆ ಹಿಂದಿನ ಗುರುವಾರದಿಂದ ಮಂಗಳವಾರದವರೆಗೆ ಆರು ದಿನ ಮೊಹಾಚಿನಲ್ಲಿ ಬುಶೋ ಹಬ್ಬ. ಅದು ಬರುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಕೆಲವು ವರ್ಷ ಮಾರ್ಚಿಯ ಮೊದಲಲ್ಲಿ. ಭಾನುವಾರ ಬುಶೋಗಳು ಆಚೆಯ ದಂಡೆಯಿಂದ ದೋಣಿಗಳಲ್ಲಿ ನದಿಯನ್ನು ದಾಟಿ ಬಂದು ಮೆರವಣಿಗೆಯಲ್ಲಿ ಊರನ್ನು ಹೊಗುತ್ತಾರೆ. ಮಂಗಳವಾರ ರಾತ್ರಿ ಸೇಚೆನ್ಯಿ ಚೌಕದಲ್ಲಿ ದೊಡ್ಡ ಬೆಂಕಿಯನ್ನು ಹಾಕಿ ಚಳಿಗಾಲದ ಶವಪೆಟ್ಟಿಗೆಯೆಂದು ಒಂದನ್ನು ಸುಡುತ್ತಾರೆ. ಕ್ರೊಯೇಷಿಯದ ಕಸ್ತಾವ್ ಸೀಮೆಯ ಗಂಟೆಯವರು, ಸ್ಲೊವೇನಿಯದ ಪ್ತುಯ್ ಪ್ರಾಂತದ ಕುರೆಂತರು, ಬಲ್ಗೇರಿಯದ ಕುಕೆರಿಗಳು, ಇವರೆಲ್ಲ ಇದೇ ಬಗೆಯಾಗಿ ಚರ್ಮ ಹೊದ್ದು ಗಂಟೆ ಕಟ್ಟಿ ಕುಣಿಯುವವರು. ಓಡಿಸಬೇಕಾದದ್ದು ತುರ್ಕರನ್ನಲ್ಲ, ಚಳಿಗಾಲವನ್ನು. ದಕ್ಷಿಣ ಸ್ಲಾವರ ಈ ಪುರಾತನ ಪದ್ಧತಿಯನ್ನು ಶೊಕಾತ್ಸರು ತಮ್ಮ ಗಂಟುಮೂಟೆಗಳೊಡನೆ ತಂದರೆಂದು ಊಹಿಸುವುದೇ ಯುಕ್ತವಾಗಿ ತೋರುತ್ತದೆ.

೩

ಐತಿಹ್ಯ ಸುಳ್ಳೆಂದು ತೋರಿಸಿದಲ್ಲಿಗೆ ಇತಿಹಾಸಕಾರನ ಕೆಲಸ ಮುಗಿಯಿತೆಂದು ಭಾವಿಸುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅಲ್ಲಿಂದಲೇ ಅವನ ಕೆಲಸ ಮೊದಲಾಗುತ್ತದೆ. ಒಂದು ಕಥೆ ೧೫೨೬ಕ್ಕಾಗಲಿ ೧೬೮೭ಕ್ಕಾಗಲಿ ಸಾಕ್ಷಿಯಲ್ಲದಿರಬಹುದು. ಅದನ್ನು ಕಟ್ಟಿದವರ ಮನಸ್ಸಿಗೆ ಸಾಕ್ಷಿಯಾಗದೆ ಇರದು.

ಬರಿದಾದ ನಾಡಿಗೆ ಹೊಸದಾಗಿ ಬಂದ ಜನರ ಸ್ಥಿತಿಯನ್ನು ಯೋಚಿಸಿ ನೋಡಬೇಕು. ಅವರ ಭಾಷೆ ಬೇರೆ; ಅವರ ಹಿರಿಯರ ಗೋರಿಗಳು ಬೇರೆಲ್ಲಿಯೋ ಇವೆ. ಅವರ ಪಕ್ಕದಲ್ಲಿ ಹಂಗೇರಿಯನ್ನರು, ಸರ್ಬರು, ಹದಿನೆಂಟನೆಯ ಶತಮಾನದಲ್ಲಿ ಬಂದ ಜರ್ಮನ್ ಒಕ್ಕಲಿಗರು. ಈ ನೆಲ ನಮ್ಮದೆಂದು ಹೇಳಲು ಅವರಿಗೆ ಏನು ಆಧಾರ? ನಾವು ಇಲ್ಲಿಯೇ ಇದ್ದೆವು, ಇಲ್ಲಿಯೇ ನೊಂದೆವು, ಇಲ್ಲಿಂದಲೇ ಶತ್ರುವನ್ನು ಅಟ್ಟಿದೆವು ಎಂಬ ಕಥೆ ಆ ಆಧಾರವನ್ನು ಒದಗಿಸಿತು. ಕಥೆಯಲ್ಲಿ ಉಪಾಯವನ್ನು ಹೇಳಿಕೊಡುವ ವೃದ್ಧನು ಶೊಕಾತ್ಸನಾಗಿರುವುದು ಗಮನಾರ್ಹ. ವಲಸೆ ಬಂದವರನ್ನು ಮೂಲನಿವಾಸಿಗಳನ್ನಾಗಿ ಮಾಡುವುದು ಈ ಐತಿಹ್ಯದ ನಿಜವಾದ ಕೆಲಸ.

ಇತ್ತ ಹಂಗೇರಿಯನ್ನರಿಗೂ ಅದು ಬೇಕಾಯಿತು. ಸೋಲಿಗೆ ಪರ್ಯಾಯಪದವಾಗಿದ್ದ ಊರಿನಲ್ಲಿ ಒಂದು ಗೆಲುವಿನ ಕಥೆ ದೊರೆಯಿತು. ಅದೂ ಕತ್ತಿಯಿಂದಲ್ಲ, ನಗೆಯಿಂದ ಬಂದ ಗೆಲುವು. ಯುದ್ಧಭೂಮಿಯಾದ ಶಾತೊರ್ಹೆಯಲ್ಲಿ ೧೯೬೦ರಲ್ಲಿಯೂ ೧೯೭೫ರಲ್ಲಿಯೂ ಸಾಮೂಹಿಕ ಗೋರಿಗಳು ಪತ್ತೆಯಾದುವು. ೧೯೭೬ರಲ್ಲಿ, ಯುದ್ಧದ ನಾನೂರೈವತ್ತನೆಯ ವರ್ಷದಂದು, ಅಲ್ಲಿ ಸ್ಮಾರಕವನ್ನು ತೆರೆಯಲಾಯಿತು. ಅಲ್ಲಿ ಮೌನ, ಊರಿನ ಚೌಕದಲ್ಲಿ ಗಂಟೆಯ ಸದ್ದು: ಒಂದೇ ನೆನಪಿನ ಎರಡು ಮುಖಗಳೆಂದು ಇವನ್ನು ಹೇಳಬಹುದು. ಒಂದು ಜನಾಂಗಕ್ಕೆ ನೆಲೆಯನ್ನೂ ಇನ್ನೊಂದಕ್ಕೆ ಸಮಾಧಾನವನ್ನೂ ಕೊಟ್ಟುದರಿಂದಲೇ ಶೊಕಾತ್ಸರ ಹಬ್ಬ ಇಡೀ ಊರಿನ ಹಬ್ಬವಾಯಿತು. ೨೦೦೯ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ವಿಲೋ ಮರದಲ್ಲಿ ಮುಖವಾಡ ಕೆತ್ತುವ ವಿದ್ಯೆಯನ್ನು ಹಿರಿಯರಿಂದ ಕಿರಿಯರಿಗೆ ದಾಟಿಸುತ್ತಿರುವವರು ಬುಶೋಗಳ ಗುಂಪುಗಳೇ. ಯಾವ ಶಾಲೆಯೂ ಅಲ್ಲ.

೪

ಈಗ ಹಡಗಿಗೆ ಹಿಂದಿರುಗೋಣ. ಮೊಹಾಚಿನ ರೇವಿಗೂ ತನ್ನದೇ ಆದ ಇತಿಹಾಸವಿದೆ. ೧೮೨೯ರಲ್ಲಿ ವಿಯೆನ್ನದಲ್ಲಿ ಸ್ಥಾಪಿತವಾದ ಡ್ಯಾನ್ಯೂಬ್ ಉಗಿಹಡಗಿನ ಕಂಪನಿಯು ಪೇಚಿನ ಗಣಿಗಳ ಕಲ್ಲಿದ್ದಲನ್ನು ತನ್ನ ಹಡಗುಗಳಿಗೆ ತುಂಬುವ ಸಲುವಾಗಿ ೧೮೫೭ರಲ್ಲಿ ಪೇಚಿನಿಂದ ಮೊಹಾಚಿಗೆ ರೈಲುದಾರಿಯನ್ನು ಹಾಕಿಸಿತು. ಆಗ ಅದು ಕಲ್ಲಿದ್ದಲಿನ ರೇವು. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಸರ್ಬಿಯದ ಸೈನ್ಯ ಈ ಸೀಮೆಯನ್ನು ಆಕ್ರಮಿಸಿ ೧೯೨೧ರವರೆಗೆ ಇಲ್ಲಿತ್ತು. ೧೯೨೦ರ ಟ್ರಿಯನಾನ್ ಒಪ್ಪಂದ ಊರಿನ ದಕ್ಷಿಣಕ್ಕೆ ಗಡಿಯನ್ನು ಎಳೆಯಿತು. ರಾಜ್ಯದ ಒಳನಾಡಿನ ಪಟ್ಟಣ ಗಡಿಯ ಪಟ್ಟಣವಾಯಿತು. ೧೯೯೨ರಲ್ಲಿ ರೈನ್, ಮೈನ್, ಡ್ಯಾನ್ಯೂಬ್ ನದಿಗಳನ್ನು ಕೂಡಿಸುವ ಕಾಲುವೆ ತೆರೆದ ಮೇಲೆ ಉತ್ತರ ಸಮುದ್ರದಿಂದ ಕಪ್ಪು ಸಮುದ್ರದವರೆಗೆ ಒಂದೇ ಜಲಮಾರ್ಗವಾಯಿತು. ಪ್ರವಾಸಿ ಹಡಗುಗಳ ಕಾಲ ಹೀಗೆ ಒದಗಿತು.

ಈ ಗಡಿಯೇ ನಮ್ಮ ವಿಷಯಕ್ಕೆ ಕೀಲಿಕೈ. ಶೊಕಾತ್ಸರು ಹಂಗೇರಿಯಲ್ಲಿ ಮಾತ್ರವಲ್ಲದೆ ಕ್ರೊಯೇಷಿಯದಲ್ಲಿಯೂ ಸರ್ಬಿಯದ ಬಾಚ್ಕ ಸೀಮೆಯಲ್ಲಿಯೂ ಇದ್ದಾರೆ. ಯಾವ ಗೆರೆಯ ಕಾರಣದಿಂದ ಹಡಗು ಇಲ್ಲಿ ನಿಲ್ಲುವುದೋ ಅದೇ ಗೆರೆ ಪ್ರದರ್ಶನವನ್ನು ನೀಡುವ ಜನರ ನಡುವೆ ಹಾದುಹೋಗಿದೆ. ೧೯೪೮ರಲ್ಲಿ ಯುಗೊಸ್ಲಾವಿಯಕ್ಕೂ ಸೋವಿಯತ್ ಒಕ್ಕೂಟಕ್ಕೂ ವೈಮನಸ್ಯ ಬಂದಾಗ ಹಂಗೇರಿಯ ದಕ್ಷಿಣದ ಗಡಿ ಮುಳ್ಳುತಂತಿಯ ಗಡಿಯಾಯಿತು. ೧೯೫೦ರಿಂದ ೧೯೫೩ರವರೆಗೆ ಗಡಿಪ್ರದೇಶದ ಅನೇಕ ಕುಟುಂಬಗಳನ್ನು, ನಂಬಿಕೆಗೆ ಅರ್ಹರಲ್ಲವೆಂಬ ನೆಪದಿಂದ, ದೂರದ ಹೊರ್ತೊಬಾಜ್ ಬಯಲಿನ ದುಡಿಮೆಯ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ದಕ್ಷಿಣ ಸ್ಲಾವರೂ ಇದ್ದರು. ಅದಕ್ಕೆ ಮುಂಚೆ, ೧೯೪೬ರಿಂದ ೧೯೪೮ರವರೆಗೆ, ಹಂಗೇರಿಯ ಜರ್ಮನರಲ್ಲಿ ಸುಮಾರು ಎರಡು ಲಕ್ಷ ಮಂದಿಯನ್ನು ದೇಶದಿಂದ ಹೊರಹಾಕಲಾಗಿತ್ತು. ನೆರೆಯವನು ಯಾವಾಗ ಪರಕೀಯನಾಗುವನೆಂಬುದನ್ನು ಈ ಸೀಮೆಯ ಜನ ಅನುಭವದಿಂದ ಬಲ್ಲರು.

ಅರ್ಧ ಗಂಟೆಯ ಪ್ರದರ್ಶನದಲ್ಲಿ ಇದೆಲ್ಲವನ್ನೂ ಹೇಳಲು ಬರುವುದಿಲ್ಲವೆಂಬುದು ನಿಜ. ಆದರೂ ಅಲ್ಲಿ ಆಗುವ ಮಾರ್ಪಾಡುಗಳನ್ನು ಗುರುತಿಸಬೇಕು. ಹಡಗುಗಳು ಹೆಚ್ಚಾಗಿ ಓಡುವುದು ವಸಂತದಿಂದ ಶರತ್ಕಾಲದವರೆಗೆ. ಹಬ್ಬ ಬರುವುದು ಮಾಗಿಯ ಕೊನೆಯಲ್ಲಿ. ಆದುದರಿಂದ ಹಡಗಿನವರ ಪಾಲಿಗೆ ಬುಶೋಗಳು ಬೇಸಗೆಯ ಬಿಸಿಲಿನಲ್ಲಿ ಕುರಿಯ ಚರ್ಮ ಹೊದ್ದು ಇಲ್ಲದ ಚಳಿಯನ್ನು ಓಡಿಸಬೇಕಾಗುತ್ತದೆ. ಕಾಲವು ಕಳಚಿದೊಡನೆ ಚಳಿಗಾಲದ ಅರ್ಥ ಬಿದ್ದುಹೋಗಿ ತುರ್ಕರ ಕಥೆಯೊಂದೇ ಉಳಿಯುತ್ತದೆ. ಹಬ್ಬದಲ್ಲಿ ನದಿಯನ್ನು ದಾಟಿ ಬರುವವರು ಬುಶೋಗಳು, ಕಾದಿರುವವರು ಊರಿನವರು. ಪ್ರದರ್ಶನದಲ್ಲಿ ನದಿಯಿಂದ ಬರುವವರು ಪ್ರೇಕ್ಷಕರು, ಕಾದಿರುವವರು ಬುಶೋಗಳು. ಹಬ್ಬದಲ್ಲಿ ಯಾಂಕೆಲೆ ಎಂಬ ವೇಷದ ಹುಡುಗರು ಚೀಲದಿಂದ ಹೊಡೆದು ಜನರನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಯಾರೂ ಬರಿಯ ನೋಟಕರಾಗಿ ಉಳಿಯುವಂತಿಲ್ಲ. ಪ್ರದರ್ಶನದಲ್ಲಿ ಎಲ್ಲರೂ ನೋಟಕರೇ.

ಇದರಿಂದ ಪ್ರದರ್ಶನವನ್ನು ನಿಂದಿಸಬೇಕೆಂದು ನಮ್ಮ ಆಶಯವಲ್ಲ. ಅದರಿಂದ ಕುಶಲಕರ್ಮಿಗಳಿಗೆ ನಾಲ್ಕು ಕಾಸು ದೊರೆಯುತ್ತದೆ. ಊರಿನ ಪ್ರಸಿದ್ಧವಾದ ಕಪ್ಪು ಮಣ್ಣಿನ ಪಾತ್ರೆಗಳಿಗೂ ಕೊಳ್ಳುವವರು ಸಿಗುತ್ತಾರೆ. ತಮ್ಮ ಮುಖವಾಡವನ್ನು ಪರದೇಶದವರು ಮೆಚ್ಚುವರೆಂದು ತಿಳಿದ ಹುಡುಗನಿಗೆ ಅದನ್ನು ಕೆತ್ತಲು ಕಲಿಯುವ ಉತ್ಸಾಹ ಬರುವುದೂ ಸಹಜ. ನಮ್ಮ ಆಕ್ಷೇಪ ಒಂದೇ. ಪ್ರದರ್ಶನ ಹೇಳುವ ಕಥೆ ಪರಕೀಯರನ್ನು ಓಡಿಸಿದ ಕಥೆ; ಪದ್ಧತಿಯ ನಿಜವಾದ ಇತಿಹಾಸ ಪರಕೀಯರಾಗಿ ಬಂದವರು ಊರಿನವರಾದ ಇತಿಹಾಸ. ಮೊದಲನೆಯದನ್ನು ಕೇಳಿದವನು ಒಂದು ಕ್ಷಣ ನಕ್ಕು ಹೋಗುತ್ತಾನೆ. ಎರಡನೆಯದನ್ನು ಅರಿತವನು ತನ್ನ ಊರಿನ ಜಾತ್ರೆಯನ್ನೂ ಬೇರೆ ಕಣ್ಣಿನಿಂದ ನೋಡಲು ಕಲಿಯುತ್ತಾನೆ.

೨೦೨೬ನೆಯ ಆಗಸ್ಟ್ ೨೯ಕ್ಕೆ ಮೊಹಾಚ್ ಯುದ್ಧಕ್ಕೆ ಐದುನೂರು ವರ್ಷಗಳು ತುಂಬುತ್ತವೆ. ಇಂಥ ಸಂದರ್ಭಗಳಲ್ಲಿ ಸೋಲು ಗೆಲುವುಗಳ ಲೆಕ್ಕ ಹೆಚ್ಚಾಗಿ ನಡೆಯುವುದು ವಾಡಿಕೆ. ತರಗತಿಯಲ್ಲಿ ಐತಿಹ್ಯವೊಂದು ಎದುರಾದಾಗ ಅಧ್ಯಾಪಕರು ಅದನ್ನು ಇದ್ದಂತೆಯೇ ಒಪ್ಪಿಕೊಳ್ಳುವುದಾಗಲಿ ನಕ್ಕು ತಳ್ಳಿಬಿಡುವುದಾಗಲಿ ಉಚಿತವಲ್ಲ. ಇದನ್ನು ಹೇಳಿದವರು ಯಾರು, ಅವರು ಇಲ್ಲಿಗೆ ಬಂದದ್ದು ಎಂದು, ಈ ಕಥೆ ಅವರಿಗೆ ಏಕೆ ಬೇಕಾಯಿತು ಎಂದು ವಿದ್ಯಾರ್ಥಿಗಳೊಡನೆ ಕೂಡಿ ಕೇಳುವುದು ಮೇಲು. ಮೊಹಾಚಿನ ವಿಷಯದಲ್ಲಿ ಈ ಪ್ರಶ್ನೆಗಳು ನಮ್ಮನ್ನು ಯುದ್ಧಭೂಮಿಯಿಂದ ನದಿಯ ದಂಡೆಗೆ, ಸುಲ್ತಾನನ ಫಿರಂಗಿಯಿಂದ ಒಕ್ಕಲುಮಗನ ಉಳಿಗೆ ಕರೆತಂದುವು. ಮುಖವಾಡದ ಹಿಂದಿದ್ದದ್ದು ಶತ್ರುವನ್ನು ಗೆದ್ದ ವೀರನ ಮುಖವಲ್ಲ, ಹೊಸ ನೆಲದಲ್ಲಿ ಬೇರೂರಲು ಬಯಸಿದ ಸಾಮಾನ್ಯ ಮನುಷ್ಯನ ಮುಖ. ಇತಿಹಾಸದ ದೃಷ್ಟಿಯಿಂದ ಅವನೇನೂ ಕಡಿಮೆಯವನಲ್ಲ.